ರಾತ್ರಿ ವಿಮಾನ ಇಳಿಯುವಾಗ ಒಳಗಿನ ಲೈಟ್ ಯಾಕೆ ಆರಿಸುತ್ತಾರೆ? ನೆಲದ ಮೇಲೆ ಹೊಳೆಯುವ ಪಟ್ಟಿ ಯಾತಕ್ಕೆ?

ನಿಮ್ಮ ಅಮ್ಮನಿಗೆ ಮೊದಲು ಹೇಳಿಬಿಡಿ, ಆ ರಾತ್ರಿ ವಿಮಾನಕ್ಕೆ ಏನೂ ಆಗಿರಲಿಲ್ಲ. ದೆಹಲಿಯಿಂದ ಬೆಂಗಳೂರಿಗೆ ಬರುವಾಗ ಇಳಿಯುವುದಕ್ಕೆ ಸ್ವಲ್ಪ ಮುಂಚೆ ಲೈಟೆಲ್ಲ ಆರಿಸಿದರು, 'ಡಿಂಗ್ ಡಿಂಗ್' ಅಂತ ಸದ್ದಾಯಿತು, ಅಮ್ಮ ಕೈ ಹಿಡಿದುಕೊಂಡು "ಏನೋ ಆಗಿದೆ, ಇವರು ನಮಗೆ ಹೇಳ್ತಿಲ್ಲ" ಅಂದರು, ನೆಲದಲ್ಲಿ ಮಾತ್ರ ಒಂದು ಪಟ್ಟಿ ಮಂಕಾಗಿ ಹೊಳೆಯುತ್ತಿತ್ತು, ಇದೆಲ್ಲ ಏನು ಅಂತ ತಾನೇ ನೀವು ಕೇಳಿರುವುದು? ನಮ್ಮ ಅಮ್ಮನೂ ಮೊದಲ ಸಲ ಹೀಗೇ ಅಂದಿದ್ದರು. ಮಗ ಅದೇ ಕೆಲಸದಲ್ಲಿದ್ದರೂ ನಂಬಿರಲಿಲ್ಲ.

ನಾನು ಚಿಕ್ಕಬಳ್ಳಾಪುರದವನು. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ರಾತ್ರಿ ಪಾಳಿ. ವಿಮಾನದ ಒಳಭಾಗ ನೋಡಿಕೊಳ್ಳುವ ತಂಡ ನಮ್ಮದು. ಸೀಟು, ಬೆಲ್ಟು, ಲೈಟು, ಟಾಯ್ಲೆಟ್ಟು, ಅಷ್ಟೇ. ಊರಲ್ಲಿ ನೆಂಟರು "ಪ್ಲೇನ್ ಎಂಜಿನ್ ಬಿಚ್ಚಿ ಜೋಡಿಸ್ತಾನೆ" ಅಂತ ಹೇಳಿಕೊಂಡು ತಿರುಗುತ್ತಾರೆ. ನಾನೂ ಸುಮ್ನೆ ಇದ್ದುಬಿಡುತ್ತೇನೆ.

ಲೈಟ್ ಆರಿಸುವುದು ನಿಮ್ಮ ಕಣ್ಣಿಗೋಸ್ಕರ. ಸಿನಿಮಾ ಶುರುವಾದ ಮೇಲೆ ಟಾಕೀಸಿನೊಳಗೆ ಹೋಗಿದ್ದೀರಾ? ಮೊದಲು ಏನೂ ಕಾಣುವುದಿಲ್ಲ. ಯಾರದೋ ಕಾಲು ತುಳಿದು ಬೈಸಿಕೊಳ್ಳುತ್ತೀರಿ. ಸ್ವಲ್ಪ ಹೊತ್ತಾದರೆ ಪಕ್ಕದವರ ಮುಖ, ಮೆಟ್ಟಿಲು, ಬಾಗಿಲು ಎಲ್ಲ ಕಾಣತೊಡಗುತ್ತವೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗುವುದಕ್ಕೆ 20ರಿಂದ 30 ನಿಮಿಷ ಬೇಕು. ವಿಮಾನಕ್ಕೆ ಅಪಾಯ ಜಾಸ್ತಿ ಇರುವುದು ಏರುವಾಗ ಮತ್ತು ಇಳಿಯುವಾಗ. ಆಗಲೇ ಅಕಸ್ಮಾತ್ ಕರೆಂಟ್ ಹೋದರೆ, ಝಗಝಗ ಬೆಳಕಿನಲ್ಲಿ ಕೂತವರಿಗೆ ಕಣ್ಣು ಕಟ್ಟಿದ ಹಾಗಾಗುತ್ತದೆ. ಅದಕ್ಕೇ ಮೊದಲೇ ಕತ್ತಲೆ ಮಾಡುತ್ತಾರೆ. ಕಿಟಕಿ ಮುಚ್ಚಳ ಮೇಲೆತ್ತಿ ಅನ್ನುವುದೂ ಇಂಥದ್ದೇ ಲೆಕ್ಕ. ಹೊರಗೆ ಬೆಂಕಿ ಇದ್ದರೆ ಒಳಗಿನವರಿಗೆ ಕಾಣಬೇಕು, ಒಳಗೇನಾಗಿದೆ ಅಂತ ಹೊರಗಿನವರಿಗೆ ಕಾಣಬೇಕು.

ಆ 'ಡಿಂಗ್' ಅಲಾರಂ ಅಲ್ಲ, ಮನೆಯ ಕಾಲಿಂಗ್ ಬೆಲ್ ಇದ್ದ ಹಾಗೆ. ಸೀಟ್ ಬೆಲ್ಟ್ ದೀಪ ಹತ್ತಿದರೆ ಒಂದು ತಗ್ಗಿದ ಸ್ವರ. ಯಾರೋ ನೀರು ಬೇಕು ಅಂತ ಗುಂಡಿ ಒತ್ತಿದರೆ ಒಂದು ಏರಿದ ಸ್ವರ. ಸಿಬ್ಬಂದಿ ಒಬ್ಬರಿಗೊಬ್ಬರು ಫೋನ್ ಮಾಡಿದರೆ ಒಂದು ಮೇಲೆ, ಒಂದು ಕೆಳಗೆ. 10,000 ಅಡಿಗಿಂತ ಕೆಳಗೆ ಪೈಲಟ್‌ಗಳ ಹತ್ತಿರ ಕೆಲಸಕ್ಕೆ ಬಾರದ ಮಾತಾಡುವಂತಿಲ್ಲ. "ಇನ್ನು ನಮ್ಮನ್ನು ಬಿಟ್ಟುಬಿಡಿ" ಅಂತ ತಿಳಿಸುವುದಕ್ಕೂ ಅನೇಕ ಕಂಪನಿಗಳಲ್ಲಿ ಡಿಂಗ್ ಬಾರಿಸುತ್ತಾರೆ. ನಿಮ್ಮ ಅಮ್ಮ ಕೇಳಿದ್ದು ಬಹುಶಃ ಅದೇ.

ಇನ್ನು ಆ ಪಟ್ಟಿ. ನನಗೆ ತುಂಬಾ ಹತ್ತಿರದ ವಿಷಯ, ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಜ್ಜಿಯ ಮನೆ ಶಿಡ್ಲಘಟ್ಟದಲ್ಲಿ. ರೇಷ್ಮೆ ನೂಲು ಬಿಚ್ಚುವ ಮನೆ. ಒಲೆಯ ಮೇಲೆ ಬಿಸಿನೀರು, ಅದರಲ್ಲಿ ಗೂಡು, ಪಕ್ಕದಲ್ಲಿ ಚರಕ. ಸೌದೆ ಹಸಿ ಇದ್ದ ದಿನ ಹೊಗೆ ಎದ್ದರೆ ಮೊದಲು ಸೂರಿಗೆ ಹೋಗಿ ತುಂಬಿಕೊಂಡು, ಆಮೇಲೆ ನಿಧಾನವಾಗಿ ಕೆಳಕ್ಕೆ ಇಳಿಯುತ್ತಿತ್ತು. ಬಲ್ಬು ಇದ್ದದ್ದು ಮೇಲೆ ತೊಲೆಯಲ್ಲಿ. ಎಲ್ಲಕ್ಕಿಂತ ಮೊದಲು ಮಾಯವಾಗುತ್ತಿದ್ದದ್ದು ಅದೇ. ನಾವು ಹುಡುಗರು ಕೆಮ್ಮುತ್ತಾ ನಿಂತಿದ್ದರೆ ಅಜ್ಜಿ "ನಿಂತ್ಕೊಂಡು ಏನ್ ನೋಡ್ತೀಯೋ, ಬಗ್ಗಿ ಬಾರೋ" ಅಂತ ಗದರುತ್ತಿದ್ದರು. ಬಗ್ಗಿದರೆ ಹೊಸ್ತಿಲು ಕಾಣುತ್ತಿತ್ತು.

ವಿಮಾನಗಳ ನಿಯಮಕ್ಕೆ ಈ ಮಾತು ಸೇರಿದ್ದು 1983ರ ಒಂದು ದುರಂತದ ಮೇಲೆ. ಆ ವರ್ಷ ಜೂನ್ 2ರಂದು ಏರ್ ಕೆನಡಾದ ಡಿಸಿ-9 ವಿಮಾನ ಡಲ್ಲಾಸಿನಿಂದ ಟೊರಾಂಟೊಗೆ ಹೊರಟಿತ್ತು. ಒಳಗೆ 46 ಜನ. ಹಿಂದಿನ ಟಾಯ್ಲೆಟ್ಟಿನ ಕಡೆಯಿಂದ ಹೊಗೆ ಬಂತು. ಸಿಬ್ಬಂದಿ ಒದ್ದೆ ಟವೆಲ್ ಹಂಚಿದರು. ಪೈಲಟ್‌ಗಳು ಸಿನ್ಸಿನಾಟಿಯಲ್ಲಿ ವಿಮಾನವನ್ನು ಇಳಿಸಿಯೂ ಬಿಟ್ಟರು. ಬಾಗಿಲು ತೆರೆದು ಒಂದು, ಒಂದೂವರೆ ನಿಮಿಷದಲ್ಲಿ ಹೊರಗಿನ ಗಾಳಿ ಸೇರಿ ಒಳಗೆಲ್ಲ ಬೆಂಕಿ ಭುಗಿಲೆದ್ದಿತು. 23 ಜನ ಹೊರಗೆ ಬಂದರು, 23 ಜನ ಬರಲಿಲ್ಲ. ದಾರಿ ತೋರಿಸುವ ದೀಪ ಇರಲಿಲ್ಲ ಅಂತಲ್ಲ. ಇದ್ದದ್ದು ಮೇಲೆ, ಅಜ್ಜಿ ಮನೆಯ ಬಲ್ಬಿನ ಹಾಗೆ.

ಮರುವರ್ಷವೇ ಅಮೆರಿಕದ ವಿಮಾನಯಾನ ಇಲಾಖೆ ನಿಯಮ ತಂದಿತು. ಹಳೆಯ ವಿಮಾನಗಳಿಗೂ 1986ರವರೆಗೆ ಗಡುವು ಕೊಟ್ಟಿತು. ಹೇಳಿದ್ದು ಇಷ್ಟೇ: ನೆಲದಿಂದ 4 ಅಡಿಗಿಂತ ಮೇಲಿರುವ ಬೆಳಕೆಲ್ಲ ಮುಚ್ಚಿಹೋದರೂ ಜನಕ್ಕೆ ಬಾಗಿಲಿನ ದಾರಿ ಕಾಣಬೇಕು. 4 ಅಡಿ ಅಂದರೆ ನಿಂತವರ ಎದೆ ಮಟ್ಟ. ಅಜ್ಜಿಯ 'ಬಗ್ಗಿ ಬಾ'ಗೆ ಅಳತೆ ಬರೆದಿದ್ದಾರೆ, ಅಲ್ವಾ?

ಈ ಪಟ್ಟಿಯಲ್ಲಿ ಎರಡು ಬಗೆ. ಒಂದರಲ್ಲಿ ಸಣ್ಣ ಸಣ್ಣ ದೀಪಗಳಿರುತ್ತವೆ, ಸಾಮಾನ್ಯವಾಗಿ ದಾರಿಯುದ್ದಕ್ಕೂ ಬಿಳಿ, ಬಾಗಿಲು ಬಂದ ಕಡೆ ಕೆಂಪು. ಇನ್ನೊಂದಕ್ಕೆ ಕರೆಂಟೇ ಬೇಡ. ಮಕ್ಕಳ ರೂಮಿನ ಸೂರಿಗೆ ಅಂಟಿಸುವ ಹೊಳೆಯುವ ನಕ್ಷತ್ರ ನೋಡಿದ್ದೀರಲ್ಲ, ಅದರ ದೊಡ್ಡಣ್ಣ. ಒಳಗಿರುವುದು ಸ್ಟ್ರಾಂಷಿಯಂ ಅಲ್ಯುಮಿನೇಟ್ ಅನ್ನುವ ಪುಡಿ. ಬೆಳಕಿದ್ದಾಗ ಹೀರಿಕೊಂಡು ಕತ್ತಲಲ್ಲಿ ಹಸಿರಾಗಿ ಬಿಡುತ್ತದೆ. ನೀವು ನೋಡಿದ್ದು ಇದನ್ನೇ ಇರಬೇಕು. ಆದರೆ ರಾತ್ರಿಯೆಲ್ಲ ವಿಮಾನ ಕತ್ತಲಲ್ಲಿ ನಿಂತಿದ್ದರೆ ಅದೂ ಹಸಿದಿರುತ್ತದೆ. ಅದಕ್ಕೇ ಬೆಳಗಿನ ಮೊದಲ ಹಾರಾಟಕ್ಕೆ ಮುಂಚೆ ಒಳಗಿನ ಲೈಟುಗಳನ್ನೆಲ್ಲ ಪೂರ್ತಿ ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಮುಂಜಾನೆ ಖಾಲಿ ವಿಮಾನದಲ್ಲಿ ಲೈಟ್ ಉರಿಯುವುದು ನೋಡಿ "ದುಡ್ಡು ದಂಡ" ಅಂದುಕೊಳ್ಳಬೇಡಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ, ಪಟ್ಟಿ ನೋಡಲು ಲೈಟೆಲ್ಲ ಆರಿಸಿದೆವು. ಉದ್ದಕ್ಕೆ ಹಸಿರು ಗೆರೆ. 14ನೇ ಸಾಲಿನ ಹತ್ತಿರ ಒಂದು ಗೇಣು ಮಾತ್ರ ಕತ್ತಲೆ. ಪಟ್ಟಿ ಹಾಳಾಗಿದೆ ಅಂದುಕೊಂಡೆ. ಮಂಡಿಯೂರಿ ಕೈಯಾಡಿಸಿದರೆ ಕಾರ್ಪೆಟ್ಟಿನ ಅಂಚು ಕಿತ್ತು ಬಂದು ಅದರ ಮೇಲೆ ಮಲಗಿತ್ತು, ಪಕ್ಕದಲ್ಲಿ ಒಣಗಿದ ಚೂಯಿಂಗ್ ಗಮ್ ಬೇರೆ. ಉಗುರಿನಿಂದ ಕೆರೆಯುತ್ತಾ ತಲೆ ಎತ್ತಿದೆ. ಆ ಎತ್ತರದಿಂದ ಸೀಟಿನ ನಂಬರ್ ಕಾಣುವುದಿಲ್ಲ. ಮೇಲಿನ ಎಕ್ಸಿಟ್ ಫಲಕ ಕಾಣುವುದಿಲ್ಲ. ಸೀಟಿನ ಕಾಲುಗಳು, ಈ ಹಸಿರು ಗೆರೆ, ಕೊನೆಯಲ್ಲಿ ಬಾಗಿಲ ಪಕ್ಕ ನೆಲಮಟ್ಟದಲ್ಲಿರುವ ಚಿಕ್ಕ ಫಲಕ, ಇಷ್ಟೇ. ಅಲ್ಲಿಯವರೆಗೆ ನಾನೂ ಪಟ್ಟಿಯನ್ನು ನಿಂತೇ ನೋಡಿದ್ದೆ.

ಕರೆಂಟಿನ ತುರ್ತು ದೀಪಗಳಿಗೆ ಬೇರೆಯೇ ಬ್ಯಾಟರಿ ಇರುತ್ತದೆ, ಮನೆಯ ಯುಪಿಎಸ್ ಥರ. ಕಾಕ್‌ಪಿಟ್ಟಿನಲ್ಲಿ ಅದರ ಸ್ವಿಚ್ಚಿಗೆ ಮೂರು ಜಾಗ: ಆಫ್, ಆರ್ಮ್, ಆನ್. ಹಾರುವಾಗ ಆರ್ಮ್‌ನಲ್ಲಿ ಇರುತ್ತದೆ, ಮಾಮೂಲಿ ಕರೆಂಟ್ ಹೋದ ಕೂಡಲೇ ತಾನಾಗಿ ಹತ್ತಿಕೊಳ್ಳುತ್ತದೆ. ಸಿಬ್ಬಂದಿಯ ಹತ್ತಿರವೂ ಒಂದು ಸ್ವಿಚ್ಚು ಇದೆ. ಕನಿಷ್ಠ 10 ನಿಮಿಷ ಉರಿಯಬೇಕು ಅಂತ ನಿಯಮ. ಹತ್ತೇ ನಿಮಿಷವಾ ಅನ್ನಬೇಡಿ. ಹೊಸ ಮಾದರಿಯ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಕತ್ತಲೆಯಲ್ಲಿ, ಅರ್ಧ ಬಾಗಿಲು ಮಾತ್ರ ಬಳಸಿ, 90 ಸೆಕೆಂಡಿನಲ್ಲಿ ತುಂಬಿದ ವಿಮಾನ ಖಾಲಿಯಾಗಬೇಕು.

ಇನ್ನೊಂದು ನಿಯಮ ಇದೆ, ಓದಿದಾಗ ಮೈ ಜುಮ್ಮೆಂದಿತ್ತು. ವಿಮಾನ ಅಡ್ಡಕ್ಕೆ ಮುರಿದರೂ, ಮುರಿದ ಜಾಗದಲ್ಲೇ ಜಖಂ ಆದವನ್ನು ಬಿಟ್ಟು, ಉಳಿದ ತುರ್ತು ದೀಪಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕೆಡಬಾರದು. ಮುರಿಯುವುದನ್ನೂ ಲೆಕ್ಕ ಹಾಕಿ ಬರೆದಿದ್ದಾರೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ತೀರಿಕೊಂಡರಲ್ಲ, ಬದುಕಿದ 8 ಜನರಲ್ಲಿ ಹೆಚ್ಚಿನವರು ಹೊರಬಂದಿದ್ದು ಬಾಗಿಲಿನಿಂದಲ್ಲ, ವಿಮಾನ ಬಿರಿದ ಸಂದಿಯಿಂದ.

ನಿಜವಾದ ಅಲಾರಂ ಹೇಗಿರುತ್ತದೆ ಅಂತಲೂ ಕೇಳಿದ್ದೀರಿ. ಏರ್‌ಬಸ್ ಎ320ರಂಥ ವಿಮಾನದಲ್ಲಿ ಎಲ್ಲರನ್ನೂ ಇಳಿಸಬೇಕಾದಾಗ ಒತ್ತುವ ಗುಂಡಿ ಇದೆ, ಒತ್ತಿದರೆ ಬಿಡದೆ ಕೂಗುತ್ತದೆ. ಎಲ್ಲ ವಿಮಾನದಲ್ಲೂ ಅದು ಇರುವುದಿಲ್ಲ. ನನ್ನ ಮಟ್ಟಿಗೆ ಸದ್ದಿನ ಮೇಲೆ ನಂಬಿಕೆ ಸ್ವಲ್ಪ ಕಡಿಮೆ. 2005ರಲ್ಲಿ ಗ್ರೀಸಿನಲ್ಲಿ ಬಿದ್ದ ಹೀಲಿಯೋಸ್ ವಿಮಾನದಲ್ಲಿ, ಒಳಗಿನ ಗಾಳಿಯ ಒತ್ತಡ ಇಳಿಯುತ್ತಿದೆ ಅಂತ ಹಾರ್ನ್ ಕೂಗಿತ್ತು. ಅದೇ ಹಾರ್ನ್ ಟೇಕಾಫ್‌ಗೆ ಮುಂಚೆ ಬೇರೆ ತಪ್ಪಿಗೂ ಕೂಗುತ್ತದೆ. ಪೈಲಟ್‌ಗಳು ಅದನ್ನು ಇನ್ನೊಂದು ಅಂದುಕೊಂಡರು. 121 ಜನ ಹೋದರು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಹೊತ್ತಿಕೊಂಡಾಗ ಒಳಗಿನ ಮೈಕ್ ವ್ಯವಸ್ಥೆಯೇ ಸತ್ತುಹೋಗಿತ್ತು. ಸಿಬ್ಬಂದಿ ಕೈಯಲ್ಲಿ ಮೆಗಾಫೋನ್ ಹಿಡಿದು, ಬರಿ ಗಂಟಲಲ್ಲಿ ಕೂಗಿ, 8 ಬಾಗಿಲುಗಳಲ್ಲಿ 3ನ್ನು ಮಾತ್ರ ತೆರೆದು 379 ಜನರನ್ನೂ ಇಳಿಸಿದರು. ಹಾಗಾಗಿ ಆ ಹೊತ್ತಿನಲ್ಲಿ ಗಗನಸಖಿ ಕಿರುಚಿದರೆ "ಇದೇನು ಮರ್ಯಾದೆ ಇಲ್ವಾ" ಅನ್ನಬೇಡಿ. ಅಲಾರಂ ಅಂದರೆ ಅವರ ಗಂಟಲೇ.

ಟಾಯ್ಲೆಟ್ಟಿನಲ್ಲಿ ಹೊಗೆ ಹಿಡಿಯುವ ಸಾಧನ ಇರುತ್ತದೆ, ಕಸದ ಡಬ್ಬಿಯ ಮೇಲೆ ಬಿಸಿ ತಾಗಿದರೆ ತಾನೇ ಚಿಮ್ಮುವ ಪುಟ್ಟ ಬೆಂಕಿ ಆರಿಸುವ ಬಾಟಲಿ ಇರುತ್ತದೆ. ಸೇದಬಾರದು ಅಂತ ಬರೆದು ಅಲ್ಲೇ ಆಶ್‌ಟ್ರೇ ಇಟ್ಟಿರುವುದಕ್ಕೆ ನಗಬೇಡಿ, ಅದೂ ಕಡ್ಡಾಯ. ಕದ್ದು ಸೇದುವವನು ತುಂಡನ್ನು ಕಾಗದ ತುಂಬಿದ ಡಬ್ಬಿಗೆ ಹಾಕದಿರಲಿ ಅಂತ.

ಮುಂದಿನ ಸಲ ಅಮ್ಮನಿಗೆ ಒಂದು ಕೆಲಸ ಕೊಡಿ. ಕೂತ ಕೂಡಲೇ ಹತ್ತಿರದ ಬಾಗಿಲಿಗೆ ಎಷ್ಟು ಸೀಟು ಅಂತ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಎಣಿಸಲಿ. ಹೊಗೆಯಲ್ಲಿ ಪಟ್ಟಿಯೂ ಕಾಣದಿದ್ದರೆ ಸೀಟಿನ ಬೆನ್ನು ಮುಟ್ಟಿಕೊಂಡು ಹೋಗಬಹುದು. ನಮ್ಮ ಅಮ್ಮನಿಗೆ ಕಲಿಸಿದ್ದೆ. ಅವರ ಜೊತೆ ಹಾರಿ ಬಂದ ರಾತ್ರಿ, ವಿಮಾನ ಇಳಿದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕೂತು, ಕಂಡಕ್ಟರ್ ಟಿಕೆಟ್ ಕೇಳಿದರೂ ಕಿವಿಗೆ ಹಾಕಿಕೊಳ್ಳದೆ, ಬೆರಳು ಮಡಿಸುತ್ತಾ ಇದ್ದರು. ಆಮೇಲೆ ನನ್ನ ಕಡೆ ಬಗ್ಗಿ, "ಮುಂದಕ್ಕೆ ಆರು, ಹಿಂದಕ್ಕೆ ನಾಲ್ಕು ಕಣೋ. ಹಿಂದಿನ ಬಾಗಿಲೇ ಹತ್ತಿರ" ಅಂದರು.