‘ಮೂರು ದಿನದ ಅರಸ’ ಲೇಖನ ಕಳುಹಿಸಿದವರಿಗೆ

ಮಾನ್ಯರೇ,

ನೇಪಾಳದ ದೊರೆ ದೀಪೇಂದ್ರನನ್ನು ಕುರಿತ ನಿಮ್ಮ ‘ಮೂರು ದಿನದ ಅರಸ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಳ್ಳೆಯ ಲೇಖನವೊಂದು ಅಡಗಿರುವುದರಿಂದ ಬರಿಯ ವಿಷಾದದ ಸಾಲು ಬರೆದು ಮರಳಿಸಲು ಮನಸ್ಸಾಗಲಿಲ್ಲ.

ನಿಮ್ಮ ಶೀರ್ಷಿಕೆ ಮೂರು ದಿನಗಳ ಆಳ್ವಿಕೆಯ ಮಾತಾಡುತ್ತದೆ. ಹದಿನಾಲ್ಕು ಪುಟಗಳ ಹಸ್ತಪ್ರತಿಯಲ್ಲಿ ಒಂಬತ್ತು ಪುಟಗಳು ಅರಮನೆಯಲ್ಲಿ ರಾಜಕುಟುಂಬ ಹತವಾದ 2001ರ ಜೂನ್ 1ರ ರಾತ್ರಿಯ ಗುಂಡಿನ ಸದ್ದಿಗೆ ಹೋಗಿವೆ, ಆಳ್ವಿಕೆಗೆ ಸಿಕ್ಕಿರುವುದು ಒಂದೇ ವಾಕ್ಯ: “ಕೋಮಾದಲ್ಲಿಯೇ ಅರಸನಾದ ಆತ ಜೂನ್ 4ರಂದು ಕಣ್ಮುಚ್ಚಿದ.” ನಿಮ್ಮ ಲೇಖನ ಹುಟ್ಟಬೇಕಾದದ್ದು ಈ ವಾಕ್ಯದಿಂದ. ಕಠ್ಮಂಡುವಿನ ಛಾವನಿಯ ಸೇನಾ ಆಸ್ಪತ್ರೆಯಲ್ಲಿ ತಲೆಗೆ ಗುಂಡು ಬಿದ್ದು ಪ್ರಜ್ಞೆಯಿಲ್ಲದೆ ಮಲಗಿದ್ದವನನ್ನು ಜೂನ್ 2ರಂದು ರಾಜಪರಿಷತ್ತು ದೊರೆಯೆಂದು ಘೋಷಿಸಿತು. ಚಿಕ್ಕಪ್ಪ ಜ್ಞಾನೇಂದ್ರ ರಾಜಪ್ರತಿನಿಧಿಯಾದರು. ತಂದೆ ಬೀರೇಂದ್ರ, ತಾಯಿ ಐಶ್ವರ್ಯ, ತಮ್ಮ ನಿರಾಜನ್, ತಂಗಿ ಶ್ರುತಿ ಇವರೆಲ್ಲರ ಚಿತೆ ಅದೇ ರಾತ್ರಿ ಬಾಗ್ಮತಿ ದಂಡೆಯ ಆರ್ಯಘಾಟ್‌ನಲ್ಲಿ ಉರಿಯಿತು. ಅವರನ್ನು ಕೊಂದವನೆಂದು ಊರೆಲ್ಲ ಪಿಸುಗುಟ್ಟುತ್ತಿದ್ದವನೇ ಆ ಹೊತ್ತಿಗೆ ದೇಶದ ಒಡೆಯ. 1990ರ ಸಂವಿಧಾನದ ಪ್ರಕಾರ ದೊರೆಯ ಯಾವ ಕೃತ್ಯವನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಜೂನ್ 3ರಂದು ಜ್ಞಾನೇಂದ್ರರು, ಸ್ವಯಂಚಾಲಿತ ಬಂದೂಕೊಂದು ಆಕಸ್ಮಿಕವಾಗಿ ಸಿಡಿದದ್ದರಿಂದ ಸಾವುಗಳಾದವು ಎಂಬ ಹೇಳಿಕೆ ನೀಡಿದರು. ಮರುದಿನ ದೀಪೇಂದ್ರ ತೀರಿಕೊಂಡು ತಾವು ಪಟ್ಟಕ್ಕೆ ಬಂದ ಮೇಲೆ, ಸಂವಿಧಾನ ಮತ್ತು ಕಾನೂನಿನ ತೊಡಕುಗಳಿಂದಾಗಿ ಅದುವರೆಗೆ ನಿಜ ಹೇಳಲಾಗಿರಲಿಲ್ಲವೆಂದರು. ಈ ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಣ್ಣು ತೆರೆಯದ ಅರಸನೊಬ್ಬನ ಕಿರೀಟ ಒಂದು ದೇಶದ ಬಾಯಿಯನ್ನೇ ಕಟ್ಟಿತ್ತು. ತಲೆ ಬೋಳಿಸಿಕೊಂಡು ದುಃಖಿಸುತ್ತಿದ್ದ ಸಾವಿರಾರು ಗಂಡಸರು, ಬೀದಿಯ ಕರ್ಫ್ಯೂ, ಯಾರೂ ನಂಬದ ರೇಡಿಯೊ ಸುದ್ದಿ ಎಲ್ಲವೂ ಈ ಮೂರು ದಿನಗಳೊಳಗೇ ಇವೆ.

ಎರಡನೆಯ ಮಾತು ಸ್ವಲ್ಪ ಕಠಿಣವಾದದ್ದು. ನೀವು ಆತನ ತಲೆಯೊಳಗೆ ಹೊಕ್ಕು ಬರೆದಿದ್ದೀರಿ: “ಅಮ್ಮನ ನಿರಾಕರಣೆ ಎದೆಯನ್ನು ಸೀಳುತ್ತಿರಲು, ಇನ್ನು ಈ ಅರಮನೆಯೇ ಬೇಡವೆಂದು ಆತ ನಿಶ್ಚಯಿಸಿದ.” ಇದನ್ನು ನಿಮಗೆ ಹೇಳಿದವರು ಯಾರು? ರಾಣಾ ಮನೆತನದ ದೇವಯಾನಿಯೊಂದಿಗಿನ ಮದುವೆಗೆ ಅರಮನೆಯ ವಿರೋಧವಿತ್ತೆಂಬ ಮಾತು ವ್ಯಾಪಕವಾಗಿ ಹಬ್ಬಿದ್ದು ನಿಜ. ಆದರೆ ಮುಖ್ಯ ನ್ಯಾಯಮೂರ್ತಿ ಕೇಶವ ಪ್ರಸಾದ್ ಉಪಾಧ್ಯಾಯ ಮತ್ತು ಸಭಾಧ್ಯಕ್ಷ ತಾರಾನಾಥ ರಾಣಾಭಟ್ ಅವರ ತನಿಖಾ ಸಮಿತಿ ಘಟನೆಯ ಕ್ರಮವನ್ನು ದಾಖಲಿಸಿತೇ ಹೊರತು ಕಾರಣವನ್ನು ನಿರ್ಣಯಿಸಲಿಲ್ಲ. ಆ ವರದಿಯಲ್ಲಿರುವಷ್ಟೇ ನಿಮಗೆ ಸಾಕು. ಕುಡಿದು ತೂರಾಡುತ್ತಿದ್ದವನನ್ನು ಉಳಿದವರು ಕೋಣೆಗೆ ಸೇರಿಸುತ್ತಾರೆ. ಆತ ದೇವಯಾನಿಗೆ ಫೋನ್ ಮಾಡಿ, ಇನ್ನು ಮಲಗುತ್ತೇನೆ ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಸೈನಿಕ ಉಡುಪು ತೊಟ್ಟು ಬಂದೂಕುಗಳೊಂದಿಗೆ, ಕುಟುಂಬ ಸೇರಿದ್ದ ತ್ರಿಭುವನ ಸದನಕ್ಕೆ ಮರಳುತ್ತಾನೆ. “ಇನ್ನು ಮಲಗುತ್ತೇನೆ” ಎಂಬ ಆ ಸಾದಾ ಮಾತಿನ ಮುಂದೆ ನಿಮ್ಮ ಎರಡು ಪುಟಗಳ ಸ್ವಗತ ನಿಲ್ಲುವುದಿಲ್ಲ.

ಐದನೆಯ ಪುಟದಲ್ಲಿ ಆತನೇ ಕೊಲೆಗಾರನೆಂದು ಖಚಿತವಾಗಿ ಹೇಳುವ ನೀವು, ಹನ್ನೊಂದನೆಯ ಪುಟದಲ್ಲಿ ಎಲ್ಲವೂ ಸಂಚೆಂದು ಅಷ್ಟೇ ಖಚಿತವಾಗಿ ಹೇಳುತ್ತೀರಿ. ಬಲಗೈಯವನ ತಲೆಯ ಎಡಭಾಗಕ್ಕೆ ಗುಂಡು ಹೊಕ್ಕಿದ್ದೇಕೆ, ಮರಣೋತ್ತರ ಪರೀಕ್ಷೆಯಿಲ್ಲದೆ ದಹನ ನಡೆದದ್ದೇಕೆ ಎಂಬ ಪ್ರಶ್ನೆಗಳನ್ನು ನೇಪಾಳಿಗಳು ಇಂದಿಗೂ ಕೇಳುತ್ತಾರೆ. ಅವನ್ನು ಪ್ರಶ್ನೆಗಳಾಗಿಯೇ ಬರೆಯಿರಿ. ಅಧಿಕೃತ ವರದಿ ಆತನನ್ನೇ ಹೊಣೆಯಾಗಿಸಿತು ಎಂಬುದನ್ನೂ ಮರೆಮಾಚದೆ ಬರೆಯಿರಿ.

ಬಾಲ್ಯದ ಭಾಗ ಶಾಲಾ ಪ್ರಮಾಣಪತ್ರದಂತಿದೆ: ಬುಢಾನೀಲಕಂಠ ಶಾಲೆ, ಈಟನ್, ಕರಾಟೆ, ವಿಮಾನ ಚಾಲನೆ. ಈ ಪಟ್ಟಿಯಲ್ಲಿ ಮನುಷ್ಯ ಕಾಣುವುದಿಲ್ಲ. 1971ರ ಜೂನ್ 27ರಂದು ಹುಟ್ಟಿದ ಕೂಸು, ಅಜ್ಜ ಮಹೇಂದ್ರ ತೀರಿಕೊಂಡ 1972ರ ಜನವರಿ 31ರಂದು, ಏಳು ತಿಂಗಳು ತುಂಬಿ ಇನ್ನೂ ಎದ್ದು ನಿಲ್ಲಲಾರದ ವಯಸ್ಸಿನಲ್ಲಿ ಯುವರಾಜನಾಯಿತು. ಸಂಪೂರ್ಣ ಅಧಿಕಾರದ ಗದ್ದುಗೆಗೆಂದು ಬೆಳೆದ ಆ ಹುಡುಗನಿಗೆ ಹತ್ತೊಂಬತ್ತು ತುಂಬುವ ಮೊದಲೇ, 1990ರ ಜನಾಂದೋಲನ ತಂದೆಯ ಕೈಯಿಂದ ಆ ಅಧಿಕಾರವನ್ನು ತೆಗೆದುಕೊಂಡಿತ್ತು. ಉತ್ತರಾಧಿಕಾರಿಯೊಬ್ಬನ ಕಳವಳವನ್ನು ಬರೆಯಲು ಪ್ರೇಮಕಥೆಯೊಂದೇ ದಾರಿಯಲ್ಲ. ಇಲ್ಲಿಯೂ ಒಂದು ದಾರಿಯಿದೆ, ನೀವು ಅದರ ಪಕ್ಕದಲ್ಲೇ ಹಾದುಹೋಗಿದ್ದೀರಿ.

ಪಶುಪತಿನಾಥನ ಪೂಜೆಗೆ ಕರ್ನಾಟಕದಿಂದ ಹೋದ ಭಟ್ಟರ ಬಗ್ಗೆ ಒಂದಿಡೀ ಪುಟ ಬರೆದಿದ್ದೀರಿ. ವಿಷಯ ನಿಜ, ಕನ್ನಡ ಓದುಗರಿಗೆ ಹತ್ತಿರದ್ದೂ ಹೌದು. ಆದರೆ ದೀಪೇಂದ್ರನ ಬದುಕಿಗೆ ಅದು ಹೊರಗಿನದು. ಎರಡು ಸಾಲಿಗೆ ಇಳಿಸಿ.

ಕಟ್ಟೋ ವಿಧಿಯ ಪ್ಯಾರಾ ಮಾತ್ರ ಒಂದಕ್ಷರವೂ ಬದಲಾಗಬಾರದು. ಸತ್ತ ದೊರೆಯ ಉಡುಪು ತೊಟ್ಟ ಬ್ರಾಹ್ಮಣ ಮೈಲಿಗೆಯ ಊಟವುಂಡು, ಆನೆಯೇರಿ, ಕಠ್ಮಂಡು ಕಣಿವೆಯನ್ನು ಬಿಟ್ಟು ಹೊರಡುವುದು. ಬೀರೇಂದ್ರರಿಗಾದ ಕೆಲವೇ ದಿನಗಳಲ್ಲಿ ದೀಪೇಂದ್ರನಿಗೂ ಅದೇ ವಿಧಿ ನಡೆದದ್ದು. ಕೊಂದವನೆನಿಸಿಕೊಂಡವನಿಗೂ ದೊರೆಗೆ ಸಲ್ಲುವ ಬೀಳ್ಕೊಡುಗೆಯೇ ಸಂದದ್ದು. ಇಲ್ಲಿ ನೀವು ಏನನ್ನೂ ವಿವರಿಸಿಲ್ಲ, ಆನೆ ನಡೆದುಹೋಗುವುದನ್ನಷ್ಟೇ ತೋರಿಸಿದ್ದೀರಿ. ನಿಮ್ಮ ಬರವಣಿಗೆಯಲ್ಲಿ ನನಗೆ ಭರವಸೆ ಹುಟ್ಟಿದ್ದು ಇದನ್ನು ಓದಿದಾಗ.

ಆ ಪ್ಯಾರಾದಲ್ಲೇ ಲೇಖನ ನಿಲ್ಲಲಿ. ಅದರ ನಂತರ ಸೇರಿಸಿರುವ, ಶಾಹ ವಂಶಕ್ಕೆ ಗೋರಖನಾಥ ಕೊಟ್ಟನೆಂಬ ಶಾಪದ ಕಥೆಯನ್ನು ಕೈಬಿಡಿ. ಎಲ್ಲವನ್ನೂ ವಿಧಿಯ ತಲೆಗೆ ಕಟ್ಟಿದರೆ ನೀವು ಅಷ್ಟು ಹೊತ್ತು ಪಟ್ಟ ಶ್ರಮವೇ ವ್ಯರ್ಥ. ಆರಂಭ ಆಸ್ಪತ್ರೆಯ ಹಾಸಿಗೆಯಿಂದಾಗಲಿ, ಗುಂಡಿನ ರಾತ್ರಿ ಎರಡು ಪುಟ ಮೀರದಿರಲಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ