ಕೈ ತೊಳೆಯುವ ಸಾಲಿನಲ್ಲಿ ಕಚ್ಚುವ ಹುಡುಗ

ಗದಗ ಜಿಲ್ಲೆಯ ಅಂಗನವಾಡಿಯೊಂದರಿಂದ ನಮ್ಮಲ್ಲಿಗೆ ಸಲಹೆಗೆ ಬಂದ ಪ್ರಕರಣ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ. ಮೂರೂವರೆ ವರ್ಷದ ಹುಡುಗ ಜೊತೆಯ ಮಕ್ಕಳನ್ನು ಕಚ್ಚುತ್ತಾನೆ. “ಎಷ್ಟ್ ಹೇಳಿದ್ರೂ ಕೇಳಂಗಿಲ್ರೀ. ಮೂಲ್ಯಾಗ ಕುಂದರಿಸಿದ್ರ ಆರಾಮ ಕುಂದರತಾನ, ಎಬ್ಬಿಸಿದ್ರ ಮತ್ತ ಅದ” ಎಂದರು ಅಕ್ಕೋರು (ಅಂಗನವಾಡಿ ಶಿಕ್ಷಕಿ). ಆರಾಮವಾಗಿ ಕೂತವನಿಗೆ ಆ ಮೂಲೆ ಶಿಕ್ಷೆಯೇ ಅಲ್ಲ.

ಮೊದಲು ಐದು ದಿನ ಬರೀ ಬರೆದಿಡಲು ಹೇಳಿದೆವು. ಹಾಳೆಯಲ್ಲಿ ಮೂರು ಕಾಲಂ: ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ದೊಡ್ಡವರು ಏನು ಮಾಡಿದರು, ಪಕ್ಕದಲ್ಲಿ ಸಮಯ. ‘ಹಟ ಮಾಡಿದ’ ಎಂದು ಬರೆಯುವಂತಿಲ್ಲ, ಅದು ನಮ್ಮ ತೀರ್ಮಾನ. ‘ಮುಂದಿನವಳು ಸರಿಯಲಿಲ್ಲ, ತೋಳು ಕಚ್ಚಿದ’ ಎಂದು ಕಂಡದ್ದನ್ನೇ ಬರೆಯಬೇಕು. ತರಬೇತಿ ಪಡೆದವರೂ ಮೂರನೆಯ ಕಾಲಂ ಖಾಲಿ ಬಿಡುತ್ತಾರೆ. ತಮ್ಮ ನಡೆಯನ್ನೇ ಬರೆದುಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ.

ಹಾಳೆ ನೋಡಿದರೆ ಹೆಚ್ಚಿನ ಸಲ ಕಚ್ಚಿದ್ದು ಊಟಕ್ಕೆ ಮುಂಚೆ, ಕೈ ತೊಳೆಯುವ ಸಾಲಿನಲ್ಲಿ. ನಳ ಒಂದೇ, ಮಕ್ಕಳು ಇಪ್ಪತ್ತಕ್ಕೂ ಹೆಚ್ಚು. ಕಚ್ಚಿದರೆ ಸಾಲಿನಿಂದ ಬಿಡುಗಡೆ, ಮೂಲೆಯಲ್ಲಿ ಕೂರಲು ಜಾಗ. ಮೇಲಾಗಿ ಮನೆಮಾತು ಲಂಬಾಣಿ. ‘ಆಚೆ ಸರಿ’, ‘ಸಾಕು’ ಎನ್ನಲು ಅವನಲ್ಲಿ ಕನ್ನಡವಿರಲಿಲ್ಲ.

ಹೀಗಾಗಿ ಮೊದಲು ಬದಲಾಗಬೇಕಾದದ್ದು ಸಾಲು. ನಾಲ್ಕೈದು ಮಕ್ಕಳನ್ನಷ್ಟೇ ನಳದ ಹತ್ತಿರ ಕಳಿಸಿ, ಉಳಿದವರು ಕೂತು ಹಾಡಲಿ. ಎಬ್ಬಿಸುವ ಮುಂಚೆ ದಿನವೂ ಅದೇ ಹಾಡು, ಅದೇ ಚಪ್ಪಾಳೆ. ಇವನು ಮೊದಲ ಗುಂಪಿನಲ್ಲಿರಲಿ. ರೂಢಿಯಾದ ಮೇಲೆ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ನೀರು, ಕೊಡು, ಆಚೆ ಸರಿ, ಸಾಕು, ಒಂದಕ್ಕೆ: ಈ ಐದನ್ನು ತಾಯಿಯಿಂದ ಲಂಬಾಣಿಯಲ್ಲಿ ಕೇಳಿ ಗೋಡೆಗೆ ಬರೆದು ಹಚ್ಚಿ, ಎರಡೂ ಭಾಷೆಯಲ್ಲಿ ಹೇಳಿಕೊಡಿ. ಕೈ ಸನ್ನೆಯೂ ಜೊತೆಗಿರಲಿ, ಸಿಟ್ಟು ಬಂದಾಗ ಮಾತಿಗಿಂತ ಸನ್ನೆ ಬೇಗ ಬರುತ್ತದೆ.

ಕಚ್ಚಿದಾಗ ಮೊದಲು ನೊಂದ ಮಗುವಿನ ಕಡೆ ಹೋಗಿ. ಗಾಯವನ್ನು ಸೋಪು, ಹರಿಯುವ ನೀರಿನಿಂದ ತೊಳೆಯಿರಿ. ಚರ್ಮ ಹರಿದಿದ್ದರೆ ಆಸ್ಪತ್ರೆಗೆ. ಕಚ್ಚಿದವನಿಗೆ ಅವನ ಎತ್ತರಕ್ಕೆ ಬಗ್ಗಿ ಒಂದೇ ಮಾತು: “ಕಚ್ಚಬಾರದು, ನೋವಾಗತೈತಿ. ‘ಆಚೆ ಸರಿ’ ಅನ್ನು.” ಅಷ್ಟು ಹೇಳಿ ಅದೇ ಗುಂಪಿಗೆ ವಾಪಸ್, ಮೂಲೆಗಲ್ಲ. ಸಾಲಿನಲ್ಲಿ ಸುಮ್ಮನೆ ನಿಂತಾಗ ಅಲ್ಲೇ ಹೇಳಿ: “ನಿನ್ನ ಪಾಳಿಗೆ ಕಾದಿ, ಶಾಣ್ಯಾ!” ವಾರದ ಕೊನೆಗೆ ಕೊಡುವ ಸ್ಟಾರು ಈ ವಯಸ್ಸಿಗೆ ದಕ್ಕುವುದಿಲ್ಲ, ಯಾವುದಕ್ಕೆ ಸಿಕ್ಕಿತೆಂಬುದು ಅಷ್ಟರಲ್ಲಿ ಮರೆತಿರುತ್ತದೆ.

ಮೂಲೆ ತಪ್ಪಿದ ಮೇಲೆ ಮೊದಲ ಕೆಲವು ದಿನ ಕಚ್ಚುವುದು ಹೆಚ್ಚಬಹುದು. ಹಳೆಯ ದಾರಿ ಇನ್ನೂ ನಡೆಯುತ್ತದೆಯೇ ಎಂದು ಮಗು ಜೋರಾಗಿ ಒತ್ತಿ ನೋಡುತ್ತದೆ. ಬಹಳಷ್ಟು ಅಕ್ಕೋರು ಕೈಬಿಡುವುದು ಇಲ್ಲೇ. ಸಹಾಯಕಿ ಒಂದು ದಿನ ಮೂಲೆಗೆ ಕಳಿಸಿದರೂ ಮತ್ತೆ ಮೊದಲಿನಿಂದ ಶುರು, ಆದ್ದರಿಂದ ಇಬ್ಬರೂ ಹಾಳೆ ಓದಿರಬೇಕು.

ಮಾತು ಬಾರದ್ದಕ್ಕೆ ಕಿವಿಯೂ ಕಾರಣವಿರಬಹುದೆಂದು ಕಿವಿ ಪರೀಕ್ಷೆಯನ್ನೂ ಸೂಚಿಸಿದೆವು. ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದಾಗ ತಿರುಗದಿದ್ದರೆ, ಕಿವಿ ಸೋರುತ್ತಿದ್ದರೆ, ಮನೆಮಾತಿನಲ್ಲೂ ಎರಡು ಮೂರು ಪದ ಕೂಡಿಸಿ ಆಡದಿದ್ದರೆ, ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಪಾಸಣಾ ತಂಡಕ್ಕಾಗಿ ಕಾಯದೆ ಜಿಲ್ಲಾ ಆಸ್ಪತ್ರೆಗೆ ತೋರಿಸಬೇಕು.

ಕಚ್ಚಿಸಿಕೊಂಡ ಮಗುವಿನ ಮನೆಯವರಿಗೆ ಏನಾಯಿತು, ಏನು ಉಪಚಾರವಾಯಿತು ಎಂದು ಅದೇ ದಿನ ಹೇಳಬೇಕು. ಕಚ್ಚಿದವನ ಹೆಸರು ಅಕ್ಕೋರ ಬಾಯಿಂದ ಬರಬಾರದು.