ವೆಬ್‌ಸಾಕೆಟ್ ಚಾಟ್‌ಗೆ ಬರೆದ ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗೋದು ಯಾಕೆ?

ಟೆಸ್ಟ್ ಅನ್ನೋದು ಮೆಸೇಜ್‌ಗಾಗಿ ಕಾಯದೆ ಗಡಿಯಾರ ನೋಡಿಕೊಂಡು ಕಾಯುತ್ತಿರುತ್ತದೆ, ಹೆಚ್ಚಾಗಿ ಕಾರಣ ಇದೇ.

ಮಾಮೂಲಿ ವೆಬ್ ಪುಟಗಳು ಬಳಸುವ ಎಚ್‌ಟಿಟಿಪಿಯಲ್ಲಿ ಕೇಳಿದ್ದಕ್ಕೆ ಒಂದು ಉತ್ತರ ಬಂದೇ ಬರುತ್ತದೆ. ಅದು ಬಂದಾಗ ಟೆಸ್ಟ್ ಮುಂದೆ ಹೋಗುತ್ತದೆ. ವೆಬ್‌ಸಾಕೆಟ್ ಅಂದರೆ ಎರಡೂ ಕಡೆಯಿಂದ ಕಳಿಸಲು ತೆರೆದೇ ಇರುವ ಕನೆಕ್ಷನ್; ಅದರಲ್ಲಿ ಆ ಜೋಡಿ ಇಲ್ಲ, ಸರ್ವರ್ ಯಾವಾಗ ಬೇಕಾದರೂ ಕಳಿಸಬಹುದು. ಹಾಗಾಗಿ ಜನ ಸುಮ್ನೆ 500 ಮಿಲಿಸೆಕೆಂಡ್ ಸ್ಲೀಪ್, ಅಂದರೆ ಟೆಸ್ಟನ್ನು ಅಷ್ಟು ಹೊತ್ತು ನಿಲ್ಲಿಸುವ ಸಾಲು, ತುರುಕುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಸಾಕು, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ನಿಧಾನವಾದ ಬಿಲ್ಡ್ ಸರ್ವರ್‌ಗೆ ಸಾಲದು.

ಇದರ ಬದಲು ಟೆಸ್ಟ್‌ನಲ್ಲಿ ಎರಡು ಕ್ಲೈಂಟ್, ಅಂದರೆ ಸರ್ವರ್‌ಗೆ ಸೇರುವ ಎರಡು ಚಾಟ್ ಬಳಕೆದಾರರು, ತೆರೆಯಿರಿ. ಎರಡನೆಯದು ರೂಮ್ ಸೇರಿದೆ ಅಂತ ಸರ್ವರ್ ಖಾತರಿ ಕೊಡುವವರೆಗೆ ಕಾಯಿರಿ. ಅದರಲ್ಲಿ ಲಿಸನರ್, ಅಂದರೆ ಮೆಸೇಜ್ ಬಂದಾಗ ಓಡುವ ಫಂಕ್ಷನ್, ಹಾಕಿ. ಆಮೇಲಷ್ಟೇ ಮೊದಲನೆಯದರಿಂದ ಕಳಿಸಿ. ಕಳಿಸಿದ ಮೇಲೆ ಲಿಸನರ್ ಹಾಕಿದರೆ ಮೆಸೇಜ್ ಅಷ್ಟರಲ್ಲಿ ಬಂದು ಹೋಗಿರಬಹುದು, ಅಲ್ವಾ? ಟೈಮ್‌ಔಟ್, ಅಂದರೆ ಕಾಯುವ ಗರಿಷ್ಠ ಮಿತಿ, 5 ಸೆಕೆಂಡ್ ಇಟ್ಟರೂ ಟೆಸ್ಟ್ ನಿಧಾನವಾಗಲ್ಲ. ಮೆಸೇಜ್ ಬಂದ ಕೂಡಲೇ ಮುಂದೆ ಹೋಗುತ್ತದೆ.

ಜಾಸ್ತಿ ಕಾಡುವುದು ಉಲ್ಟಾ ಪ್ರಶ್ನೆ: ಬೇರೆ ರೂಮ್‌ನವರಿಗೆ ಮೆಸೇಜ್ ಹೋಗಲಿಲ್ಲ ಅಂತ ತೋರಿಸೋದು ಹೇಗೆ? ಎಷ್ಟು ಹೊತ್ತು ಕಾದರೆ 'ಬರಲಿಲ್ಲ' ಅನ್ನಬಹುದು? ಕಾಯಲೇಬೇಡಿ. ಮೊದಲ ಮೆಸೇಜ್ ಅದರ ರೂಮ್‌ನಲ್ಲಿ ತಲುಪಿದ ಮೇಲೆ, ಬೇರೆ ರೂಮ್‌ನವರಿಗೇ ಒಂದು ಗುರುತಿನ ಮೆಸೇಜ್ ಕಳಿಸಿ. ವೆಬ್‌ಸಾಕೆಟ್, ಡೇಟಾವನ್ನು ಕಳಿಸಿದ ಕ್ರಮದಲ್ಲೇ ತಲುಪಿಸುವ ಟಿಸಿಪಿ ಮೇಲೆ ಓಡುವುದರಿಂದ ಒಂದು ಕನೆಕ್ಷನ್‌ನಲ್ಲಿ ಸರ್ವರ್ ಕಳಿಸಿದ ಕ್ರಮ ಅದಲುಬದಲಾಗುವುದಿಲ್ಲ. ಅವರಿಗೆ ಮೊದಲು ಸಿಕ್ಕಿದ್ದು ಗುರುತಿನ ಮೆಸೇಜೇ ಆದರೆ ನಿಮ್ಮ ಟೆಸ್ಟ್ ಪಾಸ್. ಸರ್ವರ್ ಒಳಗೇ ಮೆಸೇಜ್‌ಗಳು ಬೇರೆ ಬೇರೆ ಕ್ಯೂ (ಸರದಿ ಸಾಲು) ದಾಟಿ ಬರುವಂತಿದ್ದರೆ ಮಾತ್ರ ಈ ಉಪಾಯ ನಂಬಬೇಡಿ.